ಕೋಟೆ ಕಾಯ್ದವರ ಮನೆ ಎಲ್ಲಿ?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಒನಕೆ ಓಬವ್ವನ ಕುಣಿತ ಆಡಿಸಬೇಕೆಂದು ತೀರ್ಮಾನವಾಯಿತು. ‘ನಾಗರಹಾವು’ ಸಿನಿಮಾದ ಹಾಡಿಗೆ. ಊರಿಗೆ ಹಿಟ್ಟಿನ ಗಿರಣಿ ಬಂದು ಬಹಳ ವರ್ಷವಾಗಿತ್ತು. ಒನಕೆಗಳೆಲ್ಲ ಅಟ್ಟ ಸೇರಿ ಗೆದ್ದಲು ಹಿಡಿದಿದ್ದವು. ಕೊನೆಗೆ ಒಂದು ಗಟ್ಟಿ ಒನಕೆ ಸಿಕ್ಕಿದ್ದು ನಮ್ಮ ಎ.ಕೆ. ಕಾಲೋನಿಯಲ್ಲಿ, ನಮ್ಮಜ್ಜಿಯ ಹತ್ತಿರ. ನಾನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟೆ. ನಮ್ಮಕ್ಕನೂ ಅದೇ ಶಾಲೆಯಲ್ಲಿದ್ದಳು. ಚೆನ್ನಾಗಿ ಕುಣಿಯೋಳು. ಪಾತ್ರ ಸಿಕ್ಕಿದ್ದು ಊರೊಳಗಿನ ಒಂದು ಹುಡುಗಿಗೆ. “ಒನಕೆ ನಿಮ್ಮನೇದೇ ಐತಲ್ಲಮ್ಮ, ಇನ್ನೇನು ಬೇಕು?” ಅಂತ ಅಕ್ಕನಿಗೆ ನಗುನಗುತ್ತಾ ಹೇಳಿದರು. ಕುಣಿತ ಮುಗಿಯಿತು. ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ಒನಕೆ ವಾಪಸ್ಸು ಬಂತು. ಅಜ್ಜಿ ಅದನ್ನ ಗೋಡೆಗೆ ಆನಿಸಿಟ್ಟು, “ಓಬವ್ವ ನಮ್ಮೋಳು ಕಣಪ್ಪ. ಅವ್ರಿಗೆ ಗೊತ್ತಿಲ್ವೇನೋ” ಅಂದಳು.

ಗೊತ್ತಿತ್ತು. ದುರ್ಗದ ಸೀಮೆಯಲ್ಲಿ ಓಬವ್ವ ಛಲವಾದಿ ಹೆಣ್ಣುಮಗಳು ಅನ್ನೋದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಒನಕೆಗೆ ಇಲ್ಲದ ಮೈಲಿಗೆ ನಮ್ಮಕ್ಕನಿಗೆ ಇತ್ತು.

ಗೆಳೆಯರೆ, ಇದು ನನ್ನ ಮನೆಯ ಗೋಳು ಹೇಳಿಕೊಳ್ಳೋಕೆ ಬರೆದದ್ದಲ್ಲ. ಸಿನಿಮಾ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ. ಅಮೆರಿಕದ ಕೌಬಾಯ್ ಸಿನಿಮಾಗಳನ್ನೂ ನಮ್ಮ ದುರ್ಗದ ಬಂಡೆಗಳ ಮೇಲೆ ತೆಗೆದ ‘ನಾಗರಹಾವ’ನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಂಡ ಒಂದು ಮಾತನ್ನ ನಿಮ್ಮ ಮುಂದೆ ಇಡಬೇಕು. ಆ ಮಾತು ಶುರುವಾಗೋದೇ ಈ ಒನಕೆಯಿಂದ. ಹಾಗಾಗಿ ಹೇಳಿದೆ.

1

ನಮ್ಮಪ್ಪನ ಕಾಲಕ್ಕೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳಿಗೆ ಸಿನಿಮಾ ಅಂದರೆ ಟೆಂಟು. ನೆಲ, ಬೆಂಚು, ಕುರ್ಚಿ. ನೆಲದ ಮೇಲೆ ಕೂತವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯೂರು ಕಡೆಗೆ ಆಂಧ್ರ ಹತ್ತಿರ. ತೆಲುಗು ಸಿನಿಮಾಗಳೂ ಬರೋವು. 1971ರ ‘ಮೋಸಗಾಳ್ಳಕು ಮೋಸಗಾಡು’ ಅನ್ನೋ ಕೃಷ್ಣನ ಸಿನಿಮಾ ಅಮೆರಿಕದ ಕೌಬಾಯ್ ವೇಷವನ್ನ ಈ ಕಡೆಯ ಟೆಂಟುಗಳಿಗೆ ತಂದಿತ್ತು. ಟೋಪಿ, ಕುದುರೆ, ಸೊಂಟದಲ್ಲಿ ಪಿಸ್ತೂಲು. ಬಹಳ ವರ್ಷ ಕಳೆದ ಮೇಲೆ ಹಳೇ ಪ್ರಿಂಟಿನಲ್ಲಿ ಅಪ್ಪ ಅದನ್ನ ನೋಡಿದ್ದನಂತೆ. ಮಾರನೇ ದಿನ ದನ ಕಾಯೋ ಹುಡುಗರೆಲ್ಲ ಜಾಲಿ ಮರದ ಕೆಳಗೆ ಕೌಬಾಯಿಗಳೇ.

ನಮ್ಮ ಕಾಲಕ್ಕೆ ಟೆಂಟು ಇರಲಿಲ್ಲ. ದುರ್ಗದ ಹಾಸ್ಟೆಲಿನಲ್ಲಿ ಒಂದು ಮೊಬೈಲಿಗೆ ಐದಾರು ತಲೆ ಕೂಡಿಸಿ ಅಮೆರಿಕದ ಮೂಲ ಸಿನಿಮಾಗಳನ್ನೇ ನೋಡಿದೆವು. ಇಂಗ್ಲಿಷು ಅರ್ಧ ತಿಳೀತಿತ್ತು, ಅರ್ಧ ಇಲ್ಲ. ಆದರೂ ಕೆಂಪು ಇಂಡಿಯನ್ನರು ಕೂಗುತ್ತಾ ಬಂದು, ಗುಂಡು ತಿಂದು, ಕುದುರೆ ಮೇಲಿಂದ ಉರುಳಿ ಬಿದ್ದಾಗ ಸಿಳ್ಳೆ ಹೊಡೆದೆವು. ಸಿಳ್ಳೆ ಹೊಡೆಯೋಕೆ ಇಂಗ್ಲಿಷು ಬೇಕಾಗಿರಲಿಲ್ಲ. ಬಿದ್ದವರು ನಮ್ಮಂಥವರು ಅಂತ ತಿಳಿಯೋಕೆ ಮಾತ್ರ ಒಂದು ಡಿಗ್ರಿ ಓದಬೇಕಾಯಿತು.

ಈ ಸಿನಿಮಾಗಳ ಬುಡದಲ್ಲಿರೋದು ಭೂಮಿಯ ಕತೆ. ಅಮೆರಿಕದ ಸರ್ಕಾರ 1862ರಲ್ಲಿ ಒಂದು ಕಾಯ್ದೆ ಮಾಡಿ, ಪಶ್ಚಿಮಕ್ಕೆ ಹೋಗಿ ಒಕ್ಕಲು ಹೂಡಿದವನಿಗೆ 160 ಎಕರೆ ಕೊಡುತ್ತೇನೆ ಅಂದಿತು. ಆ ಎಕರೆಗಳಲ್ಲಿ ಆಗಲೇ ಜನ ಇದ್ದರು. ಅವರನ್ನ ಕೊಂದು, ಓಡಿಸಿ, ಉಳಿದವರನ್ನ ಬೇಲಿ ಹಾಕಿದ ಜಾಗಕ್ಕೆ ತಳ್ಳಿದರು. ಆ ನೆಲದ ಮೂಲನಿವಾಸಿಗಳಿಗೆಲ್ಲ ಆ ದೇಶದ ಪೌರತ್ವ ಸಿಕ್ಕಿದ್ದು 1924ರಲ್ಲಿ. ಈ ದರೋಡೆಯನ್ನ ಧೀರರ ಕತೆ ಮಾಡಿ ಹಾಡಿದ್ದೇ ಕೌಬಾಯ್ ಸಿನಿಮಾ. ಆದರೆ ಸುಳ್ಳು ಎಷ್ಟು ದಿನ ನಿಲ್ಲುತ್ತೆ? ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಸಿನಿಮಾದವರಲ್ಲಿ ಕೆಲವರಿಗೆ ಮನಸ್ಸಾಕ್ಷಿ ಚುಚ್ಚಿತು. ಹಾಗೆ ಚುಚ್ಚಿಸಿಕೊಂಡ ಸಿನಿಮಾಗಳಲ್ಲಿ ಎರಡನ್ನ ಮೊದಲು ನೋಡೋಣ.

2

ಜಾನ್ ಫೋರ್ಡ್ 1956ರಲ್ಲಿ ‘ದಿ ಸರ್ಚರ್ಸ್’ ತೆಗೆದ. ಅದರ ನಾಯಕ ಈಥನ್, ಅಂದರೆ ಜಾನ್ ವೇಯ್ನ್. ಕಮ್ಯಾಂಚಿ ಜನ ಅವನ ತಮ್ಮನ ಮನೆ ಸುಟ್ಟು, ಪುಟ್ಟ ಹುಡುಗಿ ಡೆಬಿಯನ್ನ ಹೊತ್ತೊಯ್ಯುತ್ತಾರೆ. ವರ್ಷಗಟ್ಟಲೆ ಹುಡುಕುತ್ತಾನೆ. ಹುಡುಕೋದು ಯಾಕೆ? ಕಾಪಾಡೋಕೆ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲ. ಹುಡುಗಿ ದೊಡ್ಡವಳಾಗಿ ಅವರಲ್ಲೊಬ್ಬಳಾಗಿ ಬಾಳುತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಅವಳನ್ನ ಕೊಲ್ಲೋಕೆ. ಅವನ ಕಣ್ಣಿಗೆ ಅವಳು ಮೈಲಿಗೆಯಾಗಿದ್ದಾಳೆ. ಅಲ್ಲಿನ ಮಾತು ಬೇರೆ, ಅರ್ಥ ಇದೇ. ಒಂದು ಕಡೆ ಹೂತ ಹೆಣದ ಕಣ್ಣಿಗೆ ಗುಂಡು ಹೊಡೆಯುತ್ತಾನೆ. ಕಣ್ಣಿಲ್ಲದವನ ಆತ್ಮಕ್ಕೆ ಪರಲೋಕದ ದಾರಿ ಸಿಗೋದಿಲ್ಲ ಅನ್ನೋದು ಆ ಜನರ ನಂಬಿಕೆ ಅಂತ ಅವನಿಗೆ ಗೊತ್ತು. ಸತ್ತವನನ್ನೂ ಬಿಡದ ದ್ವೇಷ. ನಮ್ಮ ಹೆಣಕ್ಕೆ ಊರ ಸ್ಮಶಾನದ ದಾರಿ ಬಿಡದವರನ್ನ ಕಂಡ ನನಗೆ ಆ ದೃಶ್ಯ ಪರದೇಶದ್ದು ಅನ್ನಿಸಲಿಲ್ಲ.

ಫೋರ್ಡ್ ಮಾಡಿದ ದೊಡ್ಡ ಕೆಲಸ ಏನೆಂದರೆ, ಜನ ಮೆಚ್ಚಿದ ನಾಯಕನ ಎದೆಯೊಳಗೇ ಈ ವಿಷವನ್ನ ತೋರಿಸಿದ್ದು. ಖಳನ ಎದೆಯಲ್ಲಿ ತೋರಿಸೋದು ಸುಲಭ. ಕೊನೆಯಲ್ಲಿ ಈಥನ್ ಕೊಲ್ಲೋದಿಲ್ಲ. ಹುಡುಗಿಯನ್ನ ಎತ್ತಿಕೊಂಡು ಮನೆ ಮುಟ್ಟಿಸುತ್ತಾನೆ. ಎಲ್ಲರೂ ಒಳಗೆ ಹೋಗುತ್ತಾರೆ, ಅವನು ಹೊರಗೇ ಉಳಿಯುತ್ತಾನೆ, ಬಾಗಿಲು ಮುಚ್ಚುತ್ತೆ. ದ್ವೇಷ ಹೊತ್ತವನಿಗೆ ಮನೆಯಿಲ್ಲ ಅನ್ನೋ ಶಿಕ್ಷೆ ಅದು.

ಇಷ್ಟು ಒಪ್ಪಿಕೊಂಡು, ಮಿಕ್ಕಿದ್ದನ್ನೂ ಹೇಳಬೇಕು. ಇದೇ ಸಿನಿಮಾದಲ್ಲಿ ಲುಕ್ ಅನ್ನೋ ಮೂಲನಿವಾಸಿ ಹೆಂಗಸು ಇದ್ದಾಳೆ. ವ್ಯಾಪಾರದ ಗೊಂದಲದಲ್ಲಿ ಈಥನ್ನನ ಜೊತೆಗಾರ ಮಾರ್ಟಿನ್‌ಗೆ ಹೆಂಡತಿಯಾಗಿ ಗಂಟುಬಿದ್ದವಳು. ಪಕ್ಕದಲ್ಲಿ ಮಲಗಲು ಬಂದ ಅವಳನ್ನ ಅವನು ಒದೆಯುತ್ತಾನೆ. ಅವಳು ಇಳಿಜಾರಲ್ಲಿ ಉರುಳಿಕೊಂಡು ಹೋಗುತ್ತಾಳೆ. ಅದು ನಗೋಕೆ ಇಟ್ಟ ಜಾಗ! ಸ್ವಲ್ಪ ಹೊತ್ತಿನ ಮೇಲೆ ಸೈನಿಕರು ಸುಟ್ಟ ಹಟ್ಟಿಯಲ್ಲಿ ಅವಳ ಹೆಣ ಸಿಗುತ್ತೆ. ಆಗ ಮರುಗಬೇಕಂತೆ. ಒದೆಸಿಕೊಂಡಾಗ ನಗಿಸಿ, ಸತ್ತಾಗ ಮರುಗಿಸೋ ಕರುಣೆ ನಮಗೇನು ಹೊಸದೆ? ಕಮ್ಯಾಂಚಿ ನಾಯಕ ಸ್ಕಾರ್‌ನ ಪಾತ್ರ ಮಾಡಿದವನು ಜರ್ಮನಿಯಲ್ಲಿ ಹುಟ್ಟಿದ ಬಿಳಿಯ, ಹೆನ್ರಿ ಬ್ರಾಂಡನ್. ಸಿನಿಮಾ ತೆಗೆದದ್ದು ನವಾಹೊ ಜನರ ನೆಲ ಮಾನ್ಯುಮೆಂಟ್ ವ್ಯಾಲಿಯಲ್ಲಿ. ಆ ಜನರನ್ನ ಕೂಲಿಗೆ ಕರೆದು ಕಮ್ಯಾಂಚಿಗಳ ವೇಷ ಹಾಕಿಸಿ ಕುದುರೆ ಮೇಲಿಂದ ಬೀಳಿಸಿದರು. ನೆಲ ಅವರದು, ಬೀಳೋ ಮೈ ಅವರದು. ಮುಖ ಮಾತ್ರ ಬೇರೆಯವರದು. ನಮ್ಮ ಒನಕೆ, ಊರ ಹುಡುಗಿಯ ಕುಣಿತ.

3

ಅದೇ ಫೋರ್ಡ್ 1960ರಲ್ಲಿ ‘ಸಾರ್ಜೆಂಟ್ ರಟ್ಲೆಜ್’ ಅಂತ ಇನ್ನೊಂದು ತೆಗೆದ. ಕರಿಯ ಸೈನಿಕನೊಬ್ಬನ ಮೇಲೆ ಬಿಳಿ ಹುಡುಗಿಯ ಅತ್ಯಾಚಾರ, ಕೊಲೆಯ ಸುಳ್ಳು ಆಪಾದನೆ. ಸೈನಿಕ ಕೋರ್ಟಿನ ವಿಚಾರಣೆಯೇ ಕತೆ. ರಟ್ಲೆಜ್ ಹುಟ್ಟಿದಾಗ ಗುಲಾಮ. ಗುಲಾಮಗಿರಿ ರದ್ದಾದ ಮೇಲೆ 1866ರಲ್ಲಿ ಕಟ್ಟಿದ ಕರಿಯರ ಕುದುರೆ ಪಡೆ, ಒಂಬತ್ತನೇ ಕ್ಯಾವಲ್ರಿ, ಅವನಿಗೆ ಮನೆ. ಪಾತ್ರ ಮಾಡಿದವನು ವುಡಿ ಸ್ಟ್ರೋಡ್. ಬಂಡೆಯ ಮೇಲೆ ಬಂಡೆಯ ಹಾಗೇ ನಿಂತಿರುತ್ತಾನೆ. ಆದರೆ ಸಿನಿಮಾದಲ್ಲಿ ಮೊದಲ ಹೆಸರು ಅವನದಲ್ಲ. ಅವನ ಪರ ವಾದಿಸೋ ಬಿಳಿ ವಕೀಲನ ಪಾತ್ರಧಾರಿಯದು.

ಅದರಲ್ಲೊಂದು ಘಟನೆ ನನ್ನನ್ನ ಬಿಡಲಿಲ್ಲ. ರಟ್ಲೆಜ್ ಸಂಕೋಲೆ ತಪ್ಪಿಸಿಕೊಂಡು ಓಡುತ್ತಾನೆ. ಸ್ವಾತಂತ್ರ್ಯ ಕಣ್ಣೆದುರಿಗಿದೆ. ಅಷ್ಟರಲ್ಲಿ ಅಪಾಚೆಗಳು ತನ್ನ ಪಡೆಯ ಮೇಲೆ ಬೀಳೋಕೆ ಹೊಂಚು ಹಾಕಿದ್ದು ಕಾಣುತ್ತೆ. ತಿರುಗಿ ಬಂದು ಪಡೆಯನ್ನ ಎಚ್ಚರಿಸುತ್ತಾನೆ. ಎಚ್ಚರಿಸಿ ಮತ್ತೆ ಕೈದಿಯಾಗುತ್ತಾನೆ. ನೋಡಿದಿರಾ? ಈ ಕರಿಯ ಒಳ್ಳೆಯವನು ಅಂತ ಬಿಳಿಯರು ನಂಬಬೇಕಾದರೆ ಅವನು ಇನ್ನೊಬ್ಬ ಸೋತವನ ವಿರುದ್ಧ ಅವರ ಕೋಟೆ ಕಾಯಬೇಕು. ಕಾಯ್ದು ರುಜುವಾತು ಕೊಡಬೇಕು.

ಇದನ್ನ ನೋಡಿದಾಗಲೇ ನನಗೆ ನಮ್ಮ ಓಬವ್ವ ಹೊಸದಾಗಿ ಕಂಡದ್ದು.

ಮದಕರಿನಾಯಕನ ದುರ್ಗವನ್ನ ಹೈದರಾಲಿ ಕೊನೆಗೆ ಹಿಡಿದದ್ದು 1779ರಲ್ಲಿ. ಅದಕ್ಕೂ ಮುಂಚಿನ ಮುತ್ತಿಗೆಗಳ ಕಾಲದಲ್ಲಿ, ಕಾವಲುಗಾರ ಮುದ್ದಹನುಮ ಮನೆಗೆ ಬಂದು ಊಟಕ್ಕೆ ಕೂತಾಗ, ನೀರು ತರಲು ಹೋದ ಹೆಂಡತಿ ಕಿಂಡಿಯಲ್ಲಿ ಶತ್ರುಗಳು ನುಸುಳೋದನ್ನ ಕಂಡಳು ಅಂತ ಕತೆ. ಕೈಗೆ ಸಿಕ್ಕಿದ್ದು ಒನಕೆ. ಯಾಕೆ ಒನಕೆ? ಕತ್ತಿಯನ್ನ ಅವಳ ಕೈಗೆ ಯಾರೂ ಕೊಟ್ಟಿರಲಿಲ್ಲ. ಕುಟ್ಟೋದು ಅವಳ ದಿನದ ಕೆಲಸ, ಕುಟ್ಟಿದಳು. ಆ ಕಿಂಡಿ ಇವತ್ತೂ ಇದೆ. ಶಾಲೆ ಮಕ್ಕಳು ಅದರಲ್ಲಿ ನುಸುಳಿ ಫೋಟೋ ತೆಗೆಸಿಕೊಳ್ಳುತ್ತಾರೆ. ದುರ್ಗದ ಸ್ಟೇಡಿಯಂಗೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಅವಳ ಜಯಂತಿ ಮಾಡುತ್ತಿದೆ.

ತರಾಸು ಅವರ ಮೂರು ಕಾದಂಬರಿ ಕೂಡಿಸಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತೆಗೆದದ್ದು, ಅದು ಬಿಡುಗಡೆಯಾದದ್ದು, 1972ರ ಡಿಸೆಂಬರಿನಲ್ಲಿ. ಓಬವ್ವನನ್ನ ಕರ್ನಾಟಕದ ಮನೆಮನೆಗೆ ಮುಟ್ಟಿಸಿದ್ದು ಅದರ ಹಾಡು. ಜಯಂತಿ ಆ ಪಾತ್ರ ಮಾಡಿದ್ದಾರೆ. ಸೆರಗು ಕಟ್ಟಿ ಒನಕೆ ಎತ್ತಿ ನಿಂತ ಆ ರೂಪ ನೋಡಿ ನಮ್ಮಜ್ಜಿಯಂಥವರು ಟೆಂಟಿನ ನೆಲದಲ್ಲಿ ಎದ್ದು ನಿಂತರಂತೆ. ಅದನ್ನ ನಾನು ಹಗುರ ಮಾಡೋದಿಲ್ಲ. ಆದರೆ ಆ ಹಾಡಿನೊಳಗೆ ಕನ್ನಡ ನಾಡಿದೆ, ಕೋಟೆಯಿದೆ, ಗಂಡನ ಊಟವಿದೆ, ಶತ್ರುವಿದ್ದಾನೆ. ಅವಳ ಕೇರಿ ಮಾತ್ರ ಇಲ್ಲ. ಜಾತಿಯ ಒಂದು ಸೊಲ್ಲಿಲ್ಲ. ಹಾಡು ಮುಗಿದ ಮೇಲೆ ಸಿನಿಮಾ ಮತ್ತೆ ಊರೊಳಗಿನ ಬ್ರಾಹ್ಮಣ ಹುಡುಗ ರಾಮಾಚಾರಿಯ ಕತೆಗೆ ಹೋಗುತ್ತೆ. ಅವಳ ಕುಲದ ಮೊಮ್ಮಕ್ಕಳು ಆ ದುರ್ಗದಲ್ಲಿ ಎಲ್ಲಿದ್ದಾರೆ, ಏನು ಉಣ್ಣುತ್ತಾರೆ ಅಂತ ಕ್ಯಾಮರಾ ತಿರುಗಿ ಕೂಡ ನೋಡೋದಿಲ್ಲ.

ರಟ್ಲೆಜ್‌ಗೂ ಓಬವ್ವನಿಗೂ ಇರೋ ನಂಟು ಇದೇ. ಕೋಟೆ ಕಾಯೋತನಕ ವೀರರು. ಕಾಯ್ದಾದ ಮೇಲೆ ಅವರ ಮನೆ ಎಲ್ಲಿ ಅಂತ ಕೇಳೋದು ಮರ್ಯಾದೆಯಲ್ಲ. ಅವರು ಸತ್ತೋ ಮೌನವಾಗಿಯೋ ಇದ್ದರೆ ಪೂಜೆ ಸುಲಭ. ಈಗಂತೂ ಓಬವ್ವನನ್ನ ಬರೀ ಹೈದರಾಲಿಯ ಕಡೆಗೆ ತಿರುಗಿಸಿ ನಿಲ್ಲಿಸೋ ಜನ ಇದ್ದಾರೆ. ಅವಳ ಬೆನ್ನ ಹಿಂದೆ ಇದ್ದ ಕೋಟೆ ಅವಳನ್ನ ಎಲ್ಲಿ ಇಟ್ಟಿತ್ತು ಅಂತ ಅವರು ಕೇಳೋದಿಲ್ಲ.

4

ಹಾಗಾದರೆ ‘ನಾಗರಹಾವು’ ಕೆಟ್ಟ ಸಿನಿಮಾನೆ? ಅಲ್ಲ. ಅದರಲ್ಲಿ ಅಮೆರಿಕದವರಿಗೆ ಹೊಳೆಯದ ಒಂದು ಸತ್ಯವಿದೆ. ಅದು ಚಾಮಯ್ಯ ಮೇಷ್ಟ್ರ ಸತ್ಯ.

ರಾಮಾಚಾರಿಗೆ ಪ್ರಪಂಚದಲ್ಲಿ ಬಗ್ಗೋ ಜಾಗ ಒಂದೇ, ಚಾಮಯ್ಯ ಮೇಷ್ಟ್ರ ಪಾದ. ವಿಷ್ಣುವರ್ಧನ್ ಮತ್ತು ಅಶ್ವಥ್ ಮಾಡಿದ ಆ ಗುರು ಶಿಷ್ಯರನ್ನ ನೋಡಿ ಅಳದವರು ಕಡಿಮೆ. ಅವನು ಅಲಮೇಲುವನ್ನ ಮೆಚ್ಚಿದ. ಜಾತಿ ಬೇರೆ ಅಂತ ಅವಳ ಮನೆಯವರು ಒಪ್ಪಲಿಲ್ಲ. ಹುಡುಗನನ್ನ ಬಗ್ಗಿಸೋಕೆ ಯಾರನ್ನ ಹಿಡಿದರು? ಪೊಲೀಸನ್ನಲ್ಲ, ಗೂಂಡಾಗಳನ್ನಲ್ಲ. ಮೇಷ್ಟ್ರನ್ನ. ಮೇಷ್ಟ್ರು ಪ್ರೀತಿಯಿಂದ ತ್ಯಾಗದ ಮಾತಾಡಿದರು. ಹುಡುಗ ಬಿಟ್ಟುಕೊಟ್ಟ. ಆಮೇಲೆ ಅಲಮೇಲುವಿನ ಬದುಕು ಬೀದಿಗೆ ಬಿದ್ದದ್ದನ್ನ ಕಣ್ಣಾರೆ ಕಂಡ. ಎರಡನೇ ಸಲ ಮಾರ್ಗರೆಟ್. ಈ ಸಲ ಧರ್ಮವೇ ಬೇರೆ. ಬೆಟ್ಟದ ಮೇಲೆ ಮತ್ತೆ ಮೇಷ್ಟ್ರು ಬಂದರು, ಅವಳನ್ನ ಬಿಡು ಅಂತ. ಈ ಸಲ ಹುಡುಗ ತಿರುಗಿ ಕೇಳಿದ. ಆ ಜಗ್ಗಾಟದಲ್ಲಿ ಮೇಷ್ಟ್ರು ಬಂಡೆಯಿಂದ ಉರುಳಿ ಸತ್ತರು. ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಕೈಹಿಡಿದು ಅದೇ ಬೆಟ್ಟದಿಂದ ಹಾರಿದರು.

ಈಗ ಹೋಲಿಸಿ ನೋಡಿ. ಈಥನ್‌ನ ವರ್ಣದ್ವೇಷ ಅವನ ಕಣ್ಣಲ್ಲಿ, ಕೋವಿಯಲ್ಲಿ ಕಾಣುತ್ತೆ. ಅದನ್ನ ಪಾಪ ಅಂತ ಗುರುತಿಸಬಹುದು. ಚಾಮಯ್ಯ ಮೇಷ್ಟ್ರಲ್ಲಿ ದ್ವೇಷದ ಎಳೆಯೂ ಇಲ್ಲ. ಮಕ್ಕಳಿಲ್ಲದ ಅವರಿಗೆ ರಾಮಾಚಾರಿಯೇ ಮಗ. ಜಾತಿ ಇಲ್ಲಿ ಪ್ರೀತಿಯ ಬಾಯಲ್ಲಿ ಮಾತಾಡುತ್ತೆ. ಗುರುವಿನ ಮಾತಾಗಿ, ಅವ್ವನ ಕಣ್ಣೀರಾಗಿ, ‘ನಮ್ಮ ಮರ್ಯಾದೆ ಉಳಿಸಪ್ಪ’ ಅನ್ನೋ ಬೇಡಿಕೆಯಾಗಿ ಬರುತ್ತೆ. ಕೋವಿ ಹಿಡಿದು ಬಂದವನ ಎದುರು ನಿಲ್ಲಬಹುದು. ತಲೆ ಸವರುತ್ತಾ ಬಂದವನ ಎದುರು ನಿಲ್ಲೋದು ಹೇಗೆ? ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಹೇಳಿದ್ದು ಇದನ್ನೇ ಅಲ್ಲವೆ? ಅಂತರಜಾತಿ ವಿವಾಹ ಜಾತಿಗೆ ಮದ್ದು. ಆದರೆ ಶಾಸ್ತ್ರಗಳು ಪವಿತ್ರ ಅನ್ನೋ ನಂಬಿಕೆ ಒಡೆಯದೆ ಆ ಮದ್ದು ಯಾರೂ ಕುಡಿಯೋದಿಲ್ಲ. ದುರ್ಗದ ಹುಡುಗನಿಗೆ ಶಾಸ್ತ್ರದ ಪುಸ್ತಕ ಗೊತ್ತಿಲ್ಲ. ಅವನ ಶಾಸ್ತ್ರ ಚಾಮಯ್ಯ ಮೇಷ್ಟ್ರು.

ಪುಟ್ಟಣ್ಣ ಇಷ್ಟನ್ನ ಕಂಡಿದ್ದಾರೆ. ಒಳ್ಳೆಯವನ ಒಳ್ಳೆಯತನವೇ ಮೂರು ಜೀವ ತೆಗೆಯೋದನ್ನ ತೋರಿಸಿದ್ದಾರೆ. ಆದರೆ ಕಂಡದ್ದನ್ನ ಕೊನೆತನಕ ಹಿಡಿಯಲಿಲ್ಲ. ಜನ ಸಿನಿಮಾದಿಂದ ಹೊರಗೆ ಬಂದದ್ದು ಏನು ಹೊತ್ತುಕೊಂಡು? ಹುಡುಗನ ಪ್ರಶ್ನೆಯನ್ನಲ್ಲ, ಗುರುಭಕ್ತಿಯನ್ನ. ಇವತ್ತಿಗೂ ಶಿಕ್ಷಕರ ದಿನಾಚರಣೆಯ ಭಾಷಣದಲ್ಲಿ ಚಾಮಯ್ಯ ಮೇಷ್ಟ್ರು ಆದರ್ಶ ಗುರು. ಮೇಷ್ಟ್ರು ಯಾಕೆ ಬಿದ್ದರು ಅಂತ ಕೇಳಿದ ಒಂದು ಭಾಷಣವನ್ನೂ ನಾನು ಕೇಳಿಲ್ಲ. ಸಿನಿಮಾ ತಾನೇ ಎತ್ತಿದ ಪ್ರಶ್ನೆಯನ್ನ ಕಣ್ಣೀರಿನಲ್ಲಿ ತೊಳೆದುಬಿಟ್ಟಿತು.

ಇನ್ನೊಂದು. ಗೆರೆ ದಾಟಿದ ಜೋಡಿಗೆ ಸಾವೇ ಗತಿ ಅನ್ನೋದರಲ್ಲಿ ಹಾಲಿವುಡ್ಡೂ ನಾವೂ ಒಂದೇ. 1950ರ ‘ಬ್ರೋಕನ್ ಆರೋ’ದಲ್ಲಿ ಬಿಳಿಯ ನಾಯಕ ಅಪಾಚೆ ಹುಡುಗಿಯನ್ನ ಮದುವೆಯಾಗುತ್ತಾನೆ, ಅವಳು ಸಾಯುತ್ತಾಳೆ. ಬಿಳಿಯರು ಮತ್ತು ಕರಿಯರ ನಡುವಿನ ಪ್ರೇಮ ತೋರಿಸಬಾರದು ಅಂತ ಹಾಲಿವುಡ್ಡಿನ ನೀತಿಸಂಹಿತೆಯಲ್ಲೇ 1956ರತನಕ ಬರೆದಿತ್ತು. ಅಂಥ ಮದುವೆ ತಡೆಯೋ ರಾಜ್ಯಗಳ ಕಾನೂನುಗಳನ್ನ ಅಮೆರಿಕದ ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1967ರಲ್ಲಿ. ನಮ್ಮಲ್ಲಿ ಅಂಥ ಕಾನೂನೂ ಇಲ್ಲ, ಸಂಹಿತೆಯೂ ಇಲ್ಲ. ಆದರೂ ಮಾರ್ಗರೆಟ್ ಬದುಕಿ ಉಳಿದು, ಒಂದು ಬಾಡಿಗೆ ಮನೆ ಹಿಡಿದು, ಸಾರು ಕಾಯಿಸಿ ರಾಮಾಚಾರಿಗೆ ಬಡಿಸೋದನ್ನ ತೋರಿಸೋ ಧೈರ್ಯ ಬರಲಿಲ್ಲ. ಸತ್ತರೆ ದುರಂತ, ಬದುಕಿದರೆ ಬಂಡಾಯ. ದುರಂತಕ್ಕೆ ಟಿಕೆಟ್ ಓಡುತ್ತೆ.

ಸಿನಿಮಾದವರು ಕೇರಿಯ ಕಡೆ ಹೋಗಲೇ ಇಲ್ಲ ಅಂತಲ್ಲ. ಕಾರಂತರ 1933ರ ಕಾದಂಬರಿಯನ್ನ ಬಿ.ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ ಮಾಡಿದರು. ಅದು ಗುಡಿಸಲೊಳಗೆ ಹೋಯಿತು. ಚೋಮನ ಮಗ ನೀರಲ್ಲಿ ಮುಳುಗುತ್ತಿರುವಾಗ ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿ ನಿಂತ ಜನರನ್ನ ತೋರಿಸಿತು. ಅದು ದೊಡ್ಡ ಸಿನಿಮಾ. ಆದರೆ ಅಲ್ಲೂ ಚೋಮ ದುಡಿ ಬಾರಿಸುತ್ತಾ ಸತ್ತ. ನಾವು ಸಾಯೋದನ್ನ ಕಲಾತ್ಮಕವಾಗಿ ನೋಡೋಕೆ ಈ ನಾಡು ಬೇಗ ಕಲಿಯಿತು. ನಾವು ಕೇಳೋದನ್ನ ಕೇಳಿಸಿಕೊಳ್ಳೋಕೆ ಇನ್ನೂ ಕಲೀತಿದೆ.

5

‘ನಾಗರಹಾವು’ ಬಂದ 1972 ಅನ್ನೋ ವರ್ಷ ಬರೀ ಒಂದು ಸಿನಿಮಾದ ವರ್ಷವಲ್ಲ. ಅದೇ ವರ್ಷ ಬೊಂಬಾಯಿಯಲ್ಲಿ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ಇಟ್ಟುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಮುಂದಿನ ವರ್ಷ, 1973ರಲ್ಲಿ, ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ನಾಡು ಹೊತ್ತಿ ಉರಿಯಿತು. ಹಾಸ್ಟೆಲು ಹುಡುಗರು ಏಟು ತಿಂದರು. ಆ ಏಟಿನಿಂದ ಎದ್ದವರೇ ಹರಿಹರದ ಬಿ. ಕೃಷ್ಣಪ್ಪನವರ ಜೊತೆ ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಆಗ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯದೇ.

ಅದೇ 1972ರಲ್ಲಿ ಅಮೆರಿಕದಲ್ಲೂ ಒಂದು ಸಿನಿಮಾ ಬಂತು. ‘ಬಕ್ ಅಂಡ್ ದಿ ಪ್ರೀಚರ್’. ಕರಿಯ ನಟ ಸಿಡ್ನಿ ಪೋಯ್ಟಿಯರ್ ನಿರ್ದೇಶಿಸಿದ ಮೊದಲ ಸಿನಿಮಾ. ಕೌಬಾಯ್ ಸಿನಿಮಾವೇ: ಕುದುರೆ, ಕೋವಿ, ಧೂಳು. ಆದರೆ ಕಣ್ಣು ಬದಲಾಗಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಿದ್ದಾರೆ. ಮತ್ತೆ ತೋಟದ ಕೂಲಿಗೆ ಎಳೆದು ತರೋಕೆ ಬಿಳಿಯರ ಗುಂಪು ಬೆನ್ನು ಹತ್ತಿದೆ. ಬೀಜದ ಕಾಳು, ದುಡ್ಡಿನ ಗಂಟು, ಮಕ್ಕಳ ಹಸಿವು, ರಾತ್ರಿಯ ಭಯ, ಒಲೆಯ ಹತ್ತಿರದ ನಗೆ ಎಲ್ಲ ಅಲ್ಲಿದೆ. ಅವರು ಯಾರ ಕೋಟೆಯನ್ನೂ ಕಾಯುತ್ತಿಲ್ಲ. ತಮ್ಮ ಮನೆ ಹುಡುಕುತ್ತಿದ್ದಾರೆ.

ಅದರಲ್ಲಿ ನನ್ನನ್ನ ಬಹಳ ಯೋಚನೆಗೆ ಹಚ್ಚಿದ್ದು ಒಂದು ಮಾತುಕತೆ. ಬಕ್ ಮೂಲನಿವಾಸಿಗಳ ನಾಯಕನ ಹತ್ತಿರ ಹೋಗಿ ಸಹಾಯ ಕೇಳುತ್ತಾನೆ. ನಾಯಕ ತಿನ್ನೋಕೆ ಕೊಡುತ್ತಾನೆ, ಕೋವಿ ಕೊಡೋದಿಲ್ಲ. ನೀವು ಬಿಳಿಯರ ಸೈನ್ಯ ಸೇರಿ ನಮ್ಮ ಮೇಲೆ ಯುದ್ಧ ಮಾಡಲಿಲ್ಲವೆ ಅಂತ ನೆನಪು ಮಾಡುತ್ತಾನೆ. ಬಕ್ ಹತ್ತಿರ ಉತ್ತರ ಇಲ್ಲ. ಫೋರ್ಡ್‌ನ ರಟ್ಲೆಜ್ ಯಾವುದನ್ನ ಶೌರ್ಯ ಅಂದುಕೊಂಡಿದ್ದನೋ ಅದನ್ನ ಪೋಯ್ಟಿಯರ್ ಸಾಲ ಅಂತ ತೋರಿಸಿದ. ತುಳಿಸಿಕೊಂಡವರು ಇನ್ನೊಬ್ಬ ತುಳಿಸಿಕೊಂಡವನ ಮೇಲೆ ಕಾಲಿಟ್ಟ ಸಾಲ.

ಈ ಸಾಲ ನಮ್ಮ ಮೇಲೂ ಇದೆ. 2009ರ ಚುನಾವಣೆಯಿಂದ ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. 2019ರ ಸೆಪ್ಟೆಂಬರಿನಲ್ಲಿ ಆಗಿನ ಸಂಸದ ಎ. ನಾರಾಯಣಸ್ವಾಮಿಯವರು ಇದೇ ಕ್ಷೇತ್ರದ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತರು ಒಳಗೆ ಬರೋ ಹಾಗಿಲ್ಲ ಅಂತ ತಡೆದರು. ಸಂಸದರು ಹೊರಗಿಂದಲೇ ವಾಪಸ್ಸು ಬಂದರು. ಪಾರ್ಲಿಮೆಂಟಿನ ಬಾಗಿಲು ತೆರೆದವರಿಗೆ ಹಟ್ಟಿಯ ಬೇಲಿ ತೆರೆಯಲಿಲ್ಲ. ತಡೆದವರು ಯಾರು? ಜಮೀನ್ದಾರರಲ್ಲ, ಕುರಿ ಕಾಯೋ ಬಡವರು. ಅವರನ್ನ ಬೈಯೋದು ಸುಲಭ. ನಮ್ಮೊಳಗೆ ಹೊಲೆಯ ಮಾದಿಗ ಅಂತ ಒಂದು ಬಾವಿಯಲ್ಲಿ ನೀರು ಸೇದದ, ಒಬ್ಬರ ಮನೆ ಹೆಣ್ಣು ಇನ್ನೊಬ್ಬರು ತರದ ಬೇಲಿಗಳನ್ನ ಏನಂತ ಕರೆಯೋಣ? ಓಬವ್ವ ನಮ್ಮೋಳು ಅಂತ ಎದೆ ತಟ್ಟಿಕೊಂಡು, ಆ ‘ನಮ್ಮ’ ಅನ್ನೋದನ್ನ ಇನ್ನೊಂದು ಕೋಟೆ ಮಾಡಿಕೊಂಡರೆ, ನಾವೂ ರಟ್ಲೆಜ್ ಮಾಡಿದ ತಪ್ಪನ್ನೇ ಮಾಡುತ್ತೇವೆ.

6

ಇಷ್ಟು ಓದಿದ ಕೆಲವರು ಹೇಳಬಹುದು: ಸಿನಿಮಾನ ಸಿನಿಮಾ ಥರ ನೋಡಬೇಕಪ್ಪ, ಜಾತಿ ತಕ್ಕಡಿ ಇಟ್ಟುಕೊಂಡು ತೂಗಬಾರದು. ಪುಟ್ಟಣ್ಣನವರ ಕಲೆ, ವಿಜಯಭಾಸ್ಕರ್ ಸಂಗೀತ, ದುರ್ಗದ ಚೆಲುವು ನಿನಗೆ ಕಾಣಲಿಲ್ಲವೆ? ಕಂಡಿದೆ. ಆ ಹಾಡು ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಮೈ ಜುಮ್ಮೆನ್ನಿಸದ ಸಿನಿಮಾ ಯಾರಿಗೂ ಏನೂ ಮಾಡೋದಿಲ್ಲ. ಮೈ ಜುಮ್ಮೆನ್ನಿಸಿ, ಕಣ್ಣಲ್ಲಿ ನೀರು ತರಿಸಿ, ಕೇಳಬೇಕಾದ ಪ್ರಶ್ನೆಯನ್ನ ಮರೆಸೋ ಸಿನಿಮಾದ ಹತ್ತಿರವೇ ಹುಷಾರಾಗಿರಬೇಕು. ಇನ್ನು ತಕ್ಕಡಿಯ ಮಾತು. ಆ ತಕ್ಕಡಿ ನಾನು ತಂದದ್ದಲ್ಲ. ಶಾಲೆಯ ವೇದಿಕೆ ಮೇಲೆ ಯಾರು ಹತ್ತಬೇಕು ಅಂತ ತೂಗಿದವರ ಕೈಯಲ್ಲಿ ಅದು ಮೊದಲೇ ಇತ್ತು.

ವರ್ಣದ್ವೇಷ, ಜಾತಿ ಕುರಿತ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಅಂತ ಅಳೆಯೋಕೆ ನಮ್ಮವನನ್ನ ಎಷ್ಟು ಒಳ್ಳೆಯವನಾಗಿ, ಎಷ್ಟು ವೀರನಾಗಿ ತೋರಿಸಿದ್ದಾರೆ ಅನ್ನೋದು ಅಳತೆಗೋಲಲ್ಲ. ವೀರನಾಗದವನಿಗೂ, ಕುಡುಕನಿಗೂ, ಹೆದರುಪುಕ್ಕಲನಿಗೂ ಮನುಷ್ಯ ಅನ್ನಿಸಿಕೊಳ್ಳೋ ಹಕ್ಕು ಇದೆಯೇ? ಅವನು ಮನೆಗೆ ಹೋಗೋದನ್ನ ತೋರಿಸಿದ್ದಾರೆಯೇ? ಅವನು ಯಾರಿಗೆ ಪ್ರಶ್ನೆ ಕೇಳಿದ? ಪ್ರಶ್ನೆ ಕೇಳಿದ ಮೇಲೂ ಬದುಕಿದನೆ? ಈ ಅಳತೆಯಲ್ಲಿ ನಾಗರಾಜ ಮಂಜುಳೆಯವರ 2013ರ ಮರಾಠಿ ಸಿನಿಮಾ ‘ಫಂಡ್ರಿ’ ನನಗೆ ಬಹಳ ಹತ್ತಿರ. ಹಂದಿ ಹಿಡಿಯೋ ಮನೆಯ ಹುಡುಗ ಜಬ್ಯಾ ಕೊನೆಯಲ್ಲಿ ಬೀಸಿದ ಕಲ್ಲು ನೇರ ನೋಡುವವರ ಕಡೆಗೇ ಬರುತ್ತೆ. ಅಲ್ಲಿ ಕಣ್ಣೀರು ಒರೆಸಿಕೊಂಡು ಎದ್ದು ಹೋಗೋಕೆ ಆಗೋದಿಲ್ಲ.

ನಮ್ಮ ದುರ್ಗದಲ್ಲಿ ಕಲ್ಲಿಗೇನು ಬರವೆ? ಬರ ಇರೋದು ಕ್ಯಾಮರಾ ಹಿಡಿಯೋ ಕೈಗೆ.

ಹಳ್ಳಿ ಶಾಲೆಗಳಲ್ಲಿ ಪಾಠ ಮಾಡೋ ಗೆಳೆಯರಲ್ಲಿ, ಹಾಸ್ಟೆಲುಗಳಲ್ಲಿರೋ ತಮ್ಮಂದಿರಲ್ಲಿ, ತಂಗಿಯರಲ್ಲಿ ನನ್ನದೊಂದು ಕೇಳಿಕೆ. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ, ದುರ್ಗದಲ್ಲಿ ಒಂದು ಗೋಡೆ, ಒಂದು ಬಿಳಿ ಪಂಚೆ ಸಾಕು. ‘ನಾಗರಹಾವು’ ಮತ್ತು ‘ಬಕ್ ಅಂಡ್ ದಿ ಪ್ರೀಚರ್’ ಎರಡನ್ನೂ ಎರಡು ರಾತ್ರಿ ತೋರಿಸಿ. ಇಂಗ್ಲಿಷು ತಿಳಿಯದವರಿಗೆ ಒಬ್ಬರು ನಿಂತು ಕನ್ನಡದಲ್ಲಿ ಹೇಳುತ್ತಾ ಹೋಗಲಿ. ಮುಗಿದ ಮೇಲೆ ದೀಪ ಹಾಕಿ ಕೇಳಿ: ಮೇಷ್ಟ್ರು ಯಾಕೆ ಬಿದ್ದರು? ಓಬವ್ವನ ಮನೆ ಎಲ್ಲಿತ್ತು? ಮಕ್ಕಳು ಏನು ಹೇಳುತ್ತಾರೆ ಅಂತ ಬರೆದಿಡಿ. ನಮ್ಮ ಮುಂದಿನ ಸಿನಿಮಾದ ಕತೆ ಅಲ್ಲಿ ಸಿಗುತ್ತೆ.

ನಮ್ಮಜ್ಜಿ ಈಗ ಇಲ್ಲ. ಒನಕೆ ಇದೆ. ನಮ್ಮಕ್ಕನಿಗೆ ಮಗಳು ಹುಟ್ಟಿದ್ದಾಳೆ, ಮುಂದಿನ ವರ್ಷ ಶಾಲೆಗೆ ಸೇರಿಸಬೇಕು. ಶಾಲೆಯವರು ಒನಕೆ ಕೇಳಿಕೊಂಡು ಮತ್ತೆ ಬಂದರೆ ಅಕ್ಕ ಏನು ಹೇಳಬೇಕು ಅಂತ ಆಗಲೇ ಗಟ್ಟಿ ಮಾಡಿಕೊಂಡಿದ್ದಾಳೆ: “ಒನಕೆ ಕೊಡ್ತೀವಿ ಸಾರ್. ಎತ್ತೋದು ನನ್ನ ಮಗಳು.”